ಮೂವತ್ತೊಂದನ್ನು ನಾನೂರು ಮಾಡಿದ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ನಿಮ್ಮ ಸಮಿತಿಯ ವರದಿಯ ಪ್ರಕಾರ ನಮ್ಮ ನದಿಯ ನಡುವಿನ ಮರಳುದಿಬ್ಬಕ್ಕೆ ಮೊಟ್ಟೆಯಿಡಲು ಬರುವ ಹೆಣ್ಣಾಮೆಗಳ ಸಂಖ್ಯೆ 'ಸುಮಾರು ನಾನೂರು'. ಈ ವರ್ಷ ಬಂದದ್ದು ನಾಲ್ಕು. ಅವಕ್ಕೆ ಮೊಟ್ಟೆಯಿಡಲು ದಿಬ್ಬವೂ ಇರಲಿಲ್ಲ. ಈ ನಾನೂರಕ್ಕೂ ಆ ನಾಲ್ಕಕ್ಕೂ ನಡುವೆ ಏನು ನಡೆಯಿತೋ ಅದಕ್ಕೆ ನಿಮ್ಮ ಕಡತಗಳಲ್ಲಿ 'ಒಮ್ಮತ' ಎಂಬ ಹೆಸರಿದೆ. ನಾನು ಅದನ್ನು ಬೇರೆ ಹೆಸರಿನಿಂದ ಕರೆಯಲು ಬಯಸುತ್ತೇನೆ, ಆದರೆ ಅಚ್ಚಾಗುವ ಕಾಗದದಲ್ಲಿ ಆ ಮಾತು ಬರೆಯಬಾರದೆಂದು ಪತ್ರಿಕೆಯವರು ಮೊದಲೇ ಎಚ್ಚರಿಸಿದ್ದಾರೆ. ಹೀಗೆ ಊರೆಲ್ಲ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ. ಲಕೋಟೆಯೊಳಗಿಟ್ಟು ಮೂರು ಸಲ ಬರೆದಾಗಿದೆ. ಅವುಗಳ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಮೂರು ವರ್ಷದ ಹಿಂದೆ ನಿಮ್ಮ ಸಭಾಂಗಣದ ಎಡಗಡೆ ಕೊನೆಯ ಸಾಲಿನಲ್ಲಿ, ಹೆಡ್‌ಫೋನ್ ಹಾಕಿಕೊಳ್ಳಲು ಬಾರದೆ ಅದನ್ನು ಒಂದೇ ಕಿವಿಗೆ ಒತ್ತಿ ಹಿಡಿದುಕೊಂಡು ಕೂತಿದ್ದ ಹೆಂಗಸು. ಮುಂದಿನ ಫಲಕದಲ್ಲಿ 'ಸ್ಥಳೀಯ ತಜ್ಞೆ' ಎಂದು ಬರೆದಿತ್ತು. ತಜ್ಞೆ ಗಿಜ್ಞೆ ಏನೂ ಅಲ್ಲ. ಅರಣ್ಯ ಇಲಾಖೆಯಲ್ಲಿ ದಡ ಕಾಯುವ ಕೆಲಸ ನನ್ನದು. ಹತ್ತೊಂಬತ್ತು ವರ್ಷದಿಂದ ಅದೇ ನದಿ, ಅದೇ ದಡ. ನದಿಯ ಆಚೆ ದಡ ಬೇರೆ ದೇಶ. ನಡುವಿನ ಮರಳುದಿಬ್ಬದ ಬೆನ್ನ ಮೇಲೆ ಗಡಿರೇಖೆ ಹಾದುಹೋಗುತ್ತದೆ, ಅಂದರೆ ದಿಬ್ಬ ಅರ್ಧ ನಮ್ಮದು, ಅರ್ಧ ಅವರದು. ಆಮೆಗೆ ಇದು ಗೊತ್ತಿಲ್ಲ. ಅದು ಆಚೆ ಕಡೆ ಹತ್ತಿ ಈಚೆ ಕಡೆ ಮೊಟ್ಟೆಯಿಟ್ಟು ಹೋಗುತ್ತದೆ. ಹಾಗಾಗಿಯೇ ನಮ್ಮ ಇಲಾಖೆಯೊಂದೇ ಅದನ್ನು ಕಾಯಲು ಸಾಧ್ಯವಿರಲಿಲ್ಲ, ಹಾಗಾಗಿಯೇ ವಿಷಯ ನಿಮ್ಮ ಅಂತರರಾಷ್ಟ್ರೀಯ ಸಮಿತಿಗೆ ಬಂತು. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾವು ಆಮೆಗಳನ್ನು ಎಣಿಸುವ ರೀತಿಯನ್ನು ನಿಮಗೆ ವಿವರಿಸಲು ಅಲ್ಲಿ ನನಗೆ ಮೂರು ನಿಮಿಷ ಕೊಟ್ಟಿದ್ದರು. ಎರಡನೆಯ ನಿಮಿಷದಲ್ಲಿ ಸಮಯ ಮುಗಿಯುತ್ತಾ ಬಂತೆನ್ನುವ ಹಳದಿ ದೀಪ ಹೊತ್ತಿಕೊಂಡಿತು, ನಾನು ಗಾಬರಿಯಾಗಿ ನಿಲ್ಲಿಸಿಬಿಟ್ಟೆ. ಉಳಿದದ್ದನ್ನು ಈಗ ಹೇಳುತ್ತೇನೆ, ಇಲ್ಲಿ ದೀಪವಿಲ್ಲ. ಬೆಳ್ಳಂಬೆಳಗ್ಗೆ ಹೆಣ್ಣಾಮೆ ದಿಬ್ಬ ಹತ್ತಿ, ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ ತಿರುಗುವವರೆಗೆ ನಾವು ಬಗ್ಗಿ ಕೂತಿರುತ್ತೇವೆ. ತಿರುಗಿದ ಮೇಲೆ ಅದರ ಚಿಪ್ಪಿನ ಅಂಚಿನಲ್ಲಿ ಅರದಿಂದ ಸಣ್ಣದೊಂದು ಗೀಟು ಹಾಕುತ್ತೇವೆ. ಉಗುರು ಕತ್ತರಿಸಿದಷ್ಟೇ, ನೋವಿಲ್ಲ. ಚಿಪ್ಪಿನಂಚಿನ ಬಿಲ್ಲೆಗಳಲ್ಲಿ ಎಷ್ಟನೆಯದರ ಮೇಲೆ ಎಷ್ಟು ಗೀಟು ಎಂಬುದೇ ಅದರ ಗುರುತು. ಒಮ್ಮೆ ಹಾಕಿದರೆ ಆಯಿತು, ಅದು ಸಾಯುವವರೆಗೂ ಅದೇ ಆಮೆ. ಪುಸ್ತಕದಂಗಡಿಯಲ್ಲಿ ಸಿಗುವ ಶಾಲೆಯ ಹಾಜರಿ ಪುಸ್ತಕದಲ್ಲಿ ಅವುಗಳ ಗುರುತು ಬರೆದು, ಬಂದದ್ದಕ್ಕೆ ಸರಿ ಗುರುತು, ಬಾರದ್ದಕ್ಕೆ ತಪ್ಪು ಗುರುತು ಹಾಕುತ್ತೇವೆ. ಆದ್ದರಿಂದ ಮೂವತ್ತೊಂದು ಎಂದು ನಾನು ಹೇಳಿದಾಗ ಅದು ಅಂದಾಜಲ್ಲ, ಹಾಜರಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದಕ್ಕೆ ಅಭಿಪ್ರಾಯಭೇದ ಇರುತ್ತದೆಯೇ ಸ್ವಾಮಿ?

ನನ್ನ ದೋಣಿಗೆ ಹುಟ್ಟು ಹಾಕುತ್ತಿದ್ದವಳು ನನ್ನ ಚಿಕ್ಕಮ್ಮ, ಅಂದರೆ ನನ್ನಮ್ಮನ ತಂಗಿ. ವಯಸ್ಸು ಎಪ್ಪತ್ತಕ್ಕೆ ಎರಡು ಕಡಿಮೆ. ಓದು ಬರಹ ಇಲ್ಲ, ಬಾಯಿ ಇದೆ. ನಿಮ್ಮ ಸಭೆಗೆ ಮೊದಲಿನ ಹದಿನಾರು ವರ್ಷಗಳಲ್ಲಿ ಆಕೆ ಒಂದು ದಿನವೂ ತಪ್ಪಿಸಿಕೊಂಡವಳಲ್ಲ, ಜ್ವರ ಬಂದಾಗಲೂ ಶಾಲು ಹೊದ್ದು ಬಂದು ದೋಣಿಯಲ್ಲಿ ಕೂತು ನನ್ನನ್ನೇ ಬೈಯುತ್ತಿದ್ದಳು. "ನಿಮ್ ಇಲಾಖೆಯೋರು ಟೋಪಿ ಕೊಡ್ತಾರೆ, ಸೀಟಿ ಕೊಡ್ತಾರೆ, ತೋಳಿಗೆ ಒಂದಿಷ್ಟು ಶಕ್ತಿ ಕೊಡೋದು ಮರೆತ್ರಾ? ಹಾಕೇ ಹುಟ್ಟು!" ಎನ್ನುತ್ತಿದ್ದಳು. ಗೀಟಿನ ಗುರುತುಗಳೆಲ್ಲ ಆಕೆಗೆ ಬಾಯಿಪಾಠ. ನಾನು ಪುಸ್ತಕ ತೆರೆಯುವ ಮೊದಲೇ ಇದು ಇಂಥದ್ದು, ಹೋದ ವರ್ಷ ತಡವಾಗಿ ಬಂದಿತ್ತು, ಎಡಗಾಲು ಸ್ವಲ್ಪ ಊನ ಎಂದು ಹೇಳಿಬಿಡುತ್ತಿದ್ದಳು. ಈಕೆಯನ್ನು ಬಿಟ್ಟು ನನ್ನ ಕತೆಯಿಲ್ಲ, ಆದ್ದರಿಂದ ಪರಿಚಯಿಸಿದೆ.

ಈಗ ಒಮ್ಮತದ ಮಾತು. ಇವಳಿಗೆ ಒಮ್ಮತ ಎಂದರೇನೆಂದು ಗೊತ್ತಿಲ್ಲ, ಹಳ್ಳಿಯ ಹೆಂಗಸು, ಆವೇಶಕ್ಕೆ ಬರೆಯುತ್ತಿದ್ದಾಳೆ ಎಂದು ನಿಮ್ಮ ಕಚೇರಿಯವರು ಮೂಗು ಮುರಿಯಬಹುದು. ನನಗೆ ಗೊತ್ತು. ನಾವೂ ಒಂದು ಒಮ್ಮತ ಕಟ್ಟಿದ್ದೆವು, ದೋಣಿ ಕಟ್ಟುವ ಕೊಟ್ಟಿಗೆಯಲ್ಲಿ, ಡಾಂಬರು ವಾಸನೆಯ ನಡುವೆ, ಕವುಚಿ ಹಾಕಿದ ದೋಣಿಗಳ ಮೇಲೆ ಕೂತು. ನಮ್ಮ ದಡದಲ್ಲಿ ಬಲೆ ಹಾಕುವ ದೋಣಿಗಳು ಹನ್ನೊಂದು. ಮೊಟ್ಟೆಯಿಡುವ ಎರಡು ತಿಂಗಳು ದಿಬ್ಬದ ಸುತ್ತ ಯಾರೂ ಬಲೆ ಹಾಕಬಾರದು, ಇಷ್ಟೇ ನನ್ನ ಬೇಡಿಕೆ. ಇದಕ್ಕೆ ಮೂರು ವರ್ಷ ಹಿಡಿಯಿತು. ಯಾಕೆಂದರೆ ಆ ಹನ್ನೊಂದರಲ್ಲಿ ಒಂದು ದೋಣಿಯ ಒಡೆಯ, ಊರಿಗೆಲ್ಲ ಬಲೆ ಹೆಣೆಯುವವನು, ಒಪ್ಪಲಿಲ್ಲ. ಆತ ಯಾವುದಕ್ಕೂ ಒಪ್ಪುವ ಪೈಕಿಯೇ ಅಲ್ಲ, ಅದಕ್ಕೇ ಊರವರು ಅವನನ್ನು ಊಹೂಂ ಮಾವ ಎಂದೇ ಕರೆಯುವುದು. ಅವನ ಮದುವೆಯಲ್ಲೂ ಅವನು ಮೊದಲು ಊಹೂಂ ಅಂದನಂತೆ.

ಮೂರು ವರ್ಷ ಅವನು ಎಲ್ಲರೆದುರು ಕೂತು, ಎಲ್ಲರ ಮುಖ ನೋಡಿಕೊಂಡು ಊಹೂಂ ಅಂದ. ಯಾಕೆ ಎಂದು ಕೇಳಿದರೆ ಕಾರಣ ಹೇಳಿದ. "ಇಪ್ಪತ್ತೆರಡೇ ಇದಾವೆ ಅಂತ ಈ ಹುಡುಗಿ ಹೇಳ್ತಾಳೆ. ಇವಳ ಪುಸ್ತಕ ನಾನ್ಯಾಕೆ ನಂಬ್ಲಿ? ಇಪ್ಪತ್ತೆರಡಾ, ಇನ್ನೂರಾ, ನೀವ್ಯಾರಾದ್ರೂ ನೋಡಿದೀರಾ?" ನಾವು ಅವನನ್ನು ಬಿಟ್ಟು ಉಳಿದ ಹತ್ತು ದೋಣಿಯವರ ಒಪ್ಪಿಗೆ ತೆಗೆದುಕೊಂಡು ಮುಗಿಸಬಹುದಿತ್ತು. ಅಥವಾ ನಿಮ್ಮ ಹಾಗೆ, ಎರಡು ತಿಂಗಳಿಗೆ ಬದಲು ಒಂದು ವಾರ ಬಲೆ ಬಿಡೋಣ, ಇಬ್ಬರಿಗೂ ಸಮಾಧಾನ ಅನ್ನಬಹುದಿತ್ತು. ಚಿಕ್ಕಮ್ಮ ಅದಕ್ಕೆ ಬಿಡಲಿಲ್ಲ. ಮೂರನೆಯ ವರ್ಷ ಅವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ನಂಬೋದು ಬೇಡ ಮಾರಾಯ, ನೀನೇ ಬಂದು ಎಣಿಸು," ಅಂದಳು.

ಅವನು ಬಂದ. ನಲವತ್ತಮೂರು ಬೆಳಗು ನಮ್ಮ ಜೊತೆ ಒದ್ದೆ ಮರಳಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ. ಬೈದುಕೊಂಡ, ಸೀನಿದ, ಬೀಡಿ ಸೇದಬಾರದೆಂದಾಗ ಮುನಿಸಿಕೊಂಡ. ಕೊನೆಗೆ ಅವನ ಲೆಕ್ಕ ಇಪ್ಪತ್ತಮೂರು, ನನ್ನದು ಇಪ್ಪತ್ತೆರಡು. ದಿಬ್ಬದ ಬಾಲದ ಕಡೆಯಿಂದ ಹತ್ತಿಹೋಗುತ್ತಿದ್ದ ಒಂದನ್ನು ನಾನು ಅಷ್ಟು ವರ್ಷ ಕಂಡೇ ಇರಲಿಲ್ಲ, ಅವನು ಕಂಡಿದ್ದ. ಇಡೀ ಊರಿಗೆ ಅದನ್ನು ಹೇಳಿಕೊಂಡು ತಿರುಗಿದ. ಆ ಸಂಜೆ ಕೊಟ್ಟಿಗೆಯಲ್ಲಿ ಎಲ್ಲರ ನಡುವೆ ಎದ್ದು ನಿಂತು, "ಇಪ್ಪತ್ಮೂರೇ ಕಣ್ರೋ, ನಾನೇ ನೋಡಿದೀನಿ. ಬಲೆ ಬೇಡ," ಅಂದ. ಅಷ್ಟೇ. ಅಂದಿನಿಂದ ಹನ್ನೊಂದು ದೋಣಿಗಳಲ್ಲಿ ಒಂದೂ ಆ ಎರಡು ತಿಂಗಳು ದಿಬ್ಬದ ಹತ್ತಿರ ಸುಳಿಯಲಿಲ್ಲ. ಹನ್ನೆರಡು ವರ್ಷದಲ್ಲಿ ಇಪ್ಪತ್ತಮೂರು ಮೂವತ್ತೊಂದಾಯಿತು. ಎಂಟು ಹೆಚ್ಚಾದದ್ದಕ್ಕೆ ನೀವು ನಗಬಹುದು. ಒಂದು ಮರಿ ಬೆಳೆದು ಮೊಟ್ಟೆಯಿಡಲು ಬರಬೇಕಾದರೆ ಹತ್ತು ವರ್ಷ ಬೇಕು. ಆ ಎಂಟು ನಮ್ಮ ಜೀವಮಾನದ ಗಳಿಕೆ.

ಇನ್ನು ನಿಮ್ಮ ಒಮ್ಮತಕ್ಕೆ ಬರೋಣ. ನಿಮ್ಮ ನಿಯಮದ ಪ್ರಕಾರ ಒಂದು ತಾಣಕ್ಕೆ ಬರುವ ಹೆಣ್ಣಾಮೆಗಳು ಇನ್ನೂರೈವತ್ತಕ್ಕಿಂತ ಕಡಿಮೆಯಿದ್ದರೆ ಆ ತಾಣದಲ್ಲಿ ಮರಳು ತೆಗೆಯುವಂತಿಲ್ಲ, ಎರಡೂ ದೇಶಗಳು ಅದನ್ನು ಪಾಲಿಸಲೇಬೇಕು. ಹೆಚ್ಚಿದ್ದರೆ ಬರೀ 'ನಿಗಾ ಇಡತಕ್ಕದ್ದು', ಮರಳಿಗೆ ತಡೆಯಿಲ್ಲ. ಎದುರು ದಡದ ದೇಶಕ್ಕೆ ಆ ಮರಳು ಬೇಕಾಗಿತ್ತು. ಬೇಕು ಎಂದು ಬಾಯಿಬಿಟ್ಟು ಹೇಳಿದ್ದರೆ ನನಗೆ ಅವರ ಮೇಲೆ ಗೌರವ ಇರುತ್ತಿತ್ತು, ಊಹೂಂ ಮಾವನ ಮೇಲಿರುವ ಹಾಗೆ. ಅವರು ಹಾಗೆ ಹೇಳಲಿಲ್ಲ. ಅವರ ತಜ್ಞ, ಮೃದು ಮಾತಿನ ಸಜ್ಜನ, ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸಿ, ನದಿಯ ಉದ್ದ, ನೀರಿನ ಆಳ, ಮೀನಿನ ಪ್ರಮಾಣ ಎಲ್ಲ ಸೇರಿಸಿ ಗಣಿತ ಮಾಡಿದರೆ ಎಂಟುನೂರು ಆಮೆಗಳು ಇರಬೇಕಾಗುತ್ತದೆ ಎಂದ. ಇರಬೇಕಾಗುತ್ತದೆ! ನಾನು ಇದಾವೆ ಎಂದು ಹೇಳುತ್ತಿದ್ದೆ, ಅವನು ಇರಬೇಕಾಗುತ್ತದೆ ಎಂದು ಹೇಳುತ್ತಿದ್ದ, ನಿಮ್ಮ ಸಭೆಗೆ ಎರಡೂ ಒಂದೇ ತೂಕ.

ಮೂರು ದಿನ ನಿಮ್ಮವರು ಮಾತಿನ ಮೇಲೆ ಜಗಳವಾಡಿದರು. 'ಒತ್ತಾಯಿಸುತ್ತದೆ' ಎಂದಿದ್ದದ್ದು 'ಕೋರುತ್ತದೆ' ಆಯಿತು, ಮಧ್ಯಾಹ್ನದೊಳಗೆ 'ಪ್ರೋತ್ಸಾಹಿಸುತ್ತದೆ' ಆಯಿತು. 'ನಿಲ್ಲಿಸಲು' ಎಂಬುದರ ಹಿಂದೆ 'ಸಾಧ್ಯವಾದ ಮಟ್ಟಿಗೆ' ಬಂತು, ಮುಂದೆ 'ಪರಿಶೀಲಿಸಲು' ಬಂತು. ಒಂದು ವಾಕ್ಯದಿಂದ ಅದರ ಮೂಳೆಗಳನ್ನೆಲ್ಲ ಒಂದೊಂದಾಗಿ ಇಷ್ಟು ನಯವಾಗಿ ಎಳೆದು ತೆಗೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಅಡ್ಡಗೋಡೆಯ ಮೇಲೆ ದೀಪವಿಡುವುದಕ್ಕೆ ಇಷ್ಟೊಂದು ದೇಶಗಳಿಂದ ಇಷ್ಟೊಂದು ಜನ ವಿಮಾನ ಹತ್ತಿ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆದರೆ ಸಂಖ್ಯೆ ಮಾತ್ರ ಬಗ್ಗಲಿಲ್ಲ. ಮೂವತ್ತೊಂದು ಮೂವತ್ತೊಂದೇ, ಎಂಟುನೂರು ಎಂಟುನೂರೇ. ಅದಕ್ಕೇ ನಾಲ್ಕನೆಯ ದಿನ ಬೆಳಗ್ಗೆ ಎರಡೂ ಕಡೆಯವರು ಸೇರಿದಂತೆ ನಮ್ಮ ಹದಿನೇಳು ಜನರನ್ನು ಪಕ್ಕದ ಚಿಕ್ಕ ಕೋಣೆಗೆ ಕಳಿಸಿದಿರಿ. ಕಿಟಕಿಯಿಲ್ಲದ ಕೋಣೆ, ನಡುವೆ ಉದ್ದ ಮೇಜು, ಬಾಗಿದ ಬೆನ್ನಿನ ಕುರ್ಚಿಗಳು, ಗೋಡೆಯ ಮೇಲೊಂದು ಗಡಿಯಾರ. ಅನುವಾದಕರ ಪಾಳಿ ಒಂದು ಗಂಟೆಗೆ ಮುಗಿಯುತ್ತದೆ, ಅದರೊಳಗೆ ಒಮ್ಮತಕ್ಕೆ ಬನ್ನಿ ಎಂದು ನಿಮ್ಮ ಅಪ್ಪಣೆ.

ಒಂದಕ್ಕೆ ಇಪ್ಪತ್ತು ನಿಮಿಷ ಇರುವಾಗ ನೀವೇ ಬಂದಿರಿ. ಕೋಟು ತೋಳ ಮೇಲಿತ್ತು. ಕೂರಲೂ ಇಲ್ಲ. "ಒಂದು ತುದಿಯಲ್ಲಿ ಮೂವತ್ತೊಂದು, ಇನ್ನೊಂದು ತುದಿಯಲ್ಲಿ ಎಂಟುನೂರು. ಸತ್ಯ ಸಾಮಾನ್ಯವಾಗಿ ಮಧ್ಯದಲ್ಲಿ ಎಲ್ಲೋ ಇರುತ್ತದೆ. ಸುಮಾರು ನಾನೂರು ಎನ್ನೋಣವೇ?" ಎಂದಿರಿ. ಅನುವಾದಕಿ ಅದನ್ನು ನನ್ನ ಕಿವಿಯಲ್ಲಿ ಹೇಳುವಾಗ ಒಂದು ಕ್ಷಣ ತಡೆದಳು, ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಅಂತ. ನಾನು ನಕ್ಕೆ. ತಮಾಷೆ ಮಾಡುತ್ತಿದ್ದೀರಿ ಎಂದುಕೊಂಡೆ. ಸುತ್ತ ನೋಡಿದರೆ ಎಲ್ಲರೂ ಗಂಭೀರವಾಗಿ ತಲೆದೂಗುತ್ತಿದ್ದಾರೆ, ಒಬ್ಬರಂತೂ ಆಗಲೇ ಬರೆದುಕೊಳ್ಳುತ್ತಿದ್ದಾರೆ.

ನಮ್ಮ ನಿಯೋಗದ ಮುಖ್ಯಸ್ಥರು ನನ್ನ ಕಡೆ ಬಾಗಿದರು. "ಒಪ್ಕೊಳಿ. ನೀವು ಒಪ್ಪದಿದ್ರೆ ಇಡೀ ವಿಷಯವೇ ಬಿದ್ದುಹೋಗುತ್ತೆ, ನದಿ ಹೆಸರೂ ವರದಿಯಲ್ಲಿ ಇರಲ್ಲ. ಏನೂ ಇಲ್ಲದಕ್ಕಿಂತ ಏನೋ ಒಂದು ಇರ್ಲಿ."

"ಸರ್, ನಾನೂರು ಇಲ್ವಲ್ಲ ಸರ್," ಅಂದೆ.

"ಗೊತ್ತು ನಂಗೆ. ಮುಂದಿನ ಸಭೇಲಿ ಸರಿ ಮಾಡ್ಕೊಳೋಣ. ಮಧ್ಯಾಹ್ನ ನಮ್ಮ ಇನ್ನೊಂದು ವಿಷಯ ಬರುತ್ತೆ, ಅದಕ್ಕೆ ಎದುರು ದಡದವರ ಬೆಂಬಲ ಬೇಕು. ಹಟ ಮಾಡ್ಬೇಡಿ."

ನೀವು "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಕೇಳಿ ಎಲ್ಲರ ಮುಖವನ್ನೂ ಒಮ್ಮೆ ನೋಡಿದಿರಿ. ನನ್ನ ಮುಖವನ್ನೂ ನೋಡಿದಿರಿ. ಅಧ್ಯಕ್ಷರೇ, ಇಲ್ಲಿ ನಾನು ನಿಮ್ಮ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳಲಾರೆ. ನಾನು ಆಕ್ಷೇಪಿಸಲಿಲ್ಲ. ಹೆದರಿ ಸುಮ್ಮನಾದೆ ಎಂದರೆ ಅರ್ಧ ಸತ್ಯ. ಇನ್ನರ್ಧ ಏನೆಂದರೆ, ನನಗೆ ಅಲ್ಲಿ ಕೂತಿರುವುದು ಇಷ್ಟವಾಗಿತ್ತು. ನನ್ನ ಹೆಸರಿನ ಫಲಕ, ನನ್ನ ಮುಂದಿನ ನೀರಿನ ಲೋಟ, ದೊಡ್ಡ ದೊಡ್ಡವರು ನನ್ನ ಒಪ್ಪಿಗೆಗಾಗಿ ಕಾಯುತ್ತಿದ್ದಾರೆ ಎಂಬ ಹಮ್ಮು. ಎಲ್ಲರೂ ಒಪ್ಪಿರುವ ಕಡೆ ನಾನೊಬ್ಬಳು ಅಡ್ಡಗಾಲು ಹಾಕಿ ಊಟ ತಡ ಮಾಡಿಸಿದರೆ ಏನಂದುಕೊಂಡಾರು ಎಂಬ ಸಂಕೋಚ. ತಲೆ ಆಡಿಸಿದೆ. ಒಂದು ಗಂಟೆಗೆ ಐದು ನಿಮಿಷ ಇರುವಾಗ ನೀವು ದೊಡ್ಡ ಸಭಾಂಗಣದಲ್ಲಿ ಆ ಮರದ ಸುತ್ತಿಗೆಯಿಂದ ಟಕ್ ಎಂದು ಬಡಿದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಕೈಗಳಿಂದಲೇ.

ಹೊರಗೆ ಕೋಟು ನೇತುಹಾಕುವ ಕಡೆ ಎದುರು ದಡದ ತಜ್ಞ ಸಿಕ್ಕಿ ನನ್ನ ಕೈ ಕುಲುಕಿದ. ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ನಮ್ಮ ಭಾಷೆಯಲ್ಲೇ, ಏಕೆಂದರೆ ನದಿಯ ಎರಡೂ ದಡಕ್ಕೆ ಭಾಷೆ ಒಂದೇ, "ನಿಮ್ಮ ಲೆಕ್ಕಾನೇ ಸರಿ ಇರ್ಬೇಕು ಅಕ್ಕ. ನಾನು ಆ ದಿಬ್ಬ ನೋಡೇ ಇಲ್ಲ," ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನೋಡಿದ್ದ ನಾನೇ ಒಪ್ಪಿಕೊಂಡು ಬಂದ ಮೇಲೆ ನೋಡದವನನ್ನು ಏನೆಂದು ಬೈಯಲಿ?

ಊರಿಗೆ ಬಂದಾಗ ಚಿಕ್ಕಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಗೆದ್ದು ಬಂದಿದ್ದೇನೆಂದು ಅವಳ ನಂಬಿಕೆ.

"ಏನಂದ್ರೇ ದೊಡ್ಡೋರು? ಎಷ್ಟಂತ ಬರ್ಕೊಂಡ್ರು?"

"ಸುಮಾರು ನಾನೂರು ಅಂತ, ಚಿಕ್ಕಮ್ಮ."

ಅವಳು ಗಹಗಹಿಸಿ ನಕ್ಕಳು. "ಅಯ್ಯೋ ಇವರ ಮನೆ ಹಾಳಾಗ! ನೀನು ಬಿಟ್ಯಾ? ಚೆನ್ನಾಗಿ ಉಗಿದು ಬಂದ್ಯಾ ಇಲ್ವಾ?"

ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ. ಅವಳ ನಗು ನಿಧಾನವಾಗಿ ನಿಂತಿತು.

"ಒಪ್ಕೊಂಡ್ಯಾ?"

"ಎಲ್ರೂ ಒಪ್ಕೊಂಡ್ರು ಚಿಕ್ಕಮ್ಮ."

"ಎಲ್ರ ವಿಷ್ಯ ಕೇಳ್ಲಿಲ್ಲ ನಾನು."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಮರುದಿನ ದೋಣಿಯ ಹತ್ತಿರ ಹೋದರೆ ಹುಟ್ಟನ್ನು ನನ್ನ ಕೈಗೆ ಕೊಟ್ಟು, "ನಾನೂರು ಇದ್ರೆ ಎಣಿಸೋದಕ್ಕೆ ನಾನ್ಯಾಕೆ? ಮನೇಲಿ ಕೂತ್ಕೊಂಡೇ ಬರ್ಕೊ," ಅಂದಳು. ಅಲ್ಲಿಂದ ಮೂರು ವರ್ಷ ನನ್ನೊಡನೆ ದೋಣಿ ಹತ್ತಲಿಲ್ಲ, ಮಾತೂ ಆಡಲಿಲ್ಲ. ಒಂದೇ ಮನೆ, ಒಂದೇ ಅಡುಗೆಮನೆ. ನನಗೆ ತಾಯಿ ಹೋದ ಮೇಲೆ ಇದ್ದವಳು ಆಕೆಯೊಬ್ಬಳೇ. ಊಟಕ್ಕೆ ಬಡಿಸುತ್ತಾಳೆ, ತಟ್ಟೆಯನ್ನು ಠಣ್ ಎಂದು ಇಡುತ್ತಾಳೆ, ಹೋಗುತ್ತಾಳೆ. ನಿಮ್ಮ ಒಮ್ಮತ ನಮ್ಮ ಮನೆಯಲ್ಲಿ ಮಾಡಿದ ಕೆಲಸ ಇದು.

ಮೊದಲ ವರ್ಷವೇ ಎದುರು ದಡದಿಂದ ಹೂಳೆತ್ತುವ ಯಂತ್ರ ಬಂತು, ಮೇಲೆ ಬಾವುಟ, ಕೆಳಗೆ ಕಬ್ಬಿಣದ ಬಾಯಿ. ನಾನು ಸೀಟಿ ಊದಿದೆ, ಕೂಗಿದೆ. ಯಂತ್ರದವನು ನಿಮ್ಮ ವರದಿಯ ಪ್ರತಿಯನ್ನೇ ತೋರಿಸಿದ, ಪ್ಲಾಸ್ಟಿಕ್ ಹಾಳೆಯಲ್ಲಿ ಒದ್ದೆಯಾಗದ ಹಾಗೆ ಇಟ್ಟುಕೊಂಡಿದ್ದ. ಸುಮಾರು ನಾನೂರು, ನಿಗಾ ಇಡತಕ್ಕದ್ದು. "ನಿಗಾ ಇಡಿ ಅಕ್ಕ, ಯಾರು ಬೇಡ ಅಂದ್ರು?" ಅಂದ. ಆ ವರ್ಷ ಬಂದದ್ದು ಇಪ್ಪತ್ತಾರು. ಮರುವರ್ಷ ಹದಿನಾಲ್ಕು. ನೀರಿನಲ್ಲಿ ತೇಲಿ ಬಂದ ಒಡೆದ ಚಿಪ್ಪುಗಳನ್ನು ದಡಕ್ಕೆ ಎಳೆದು ಗೀಟು ನೋಡಿ ಪುಸ್ತಕದಲ್ಲಿ ತಾಳೆ ಹಾಕಿದೆ. ಹನ್ನೊಂದು ಚಿಪ್ಪುಗಳ ಗುರುತು ಹತ್ತಿತು. ಉಳಿದವು ಎಲ್ಲಿ ಹೋದವೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು, ನಿಮ್ಮ ಹತ್ತಿರ ನಾನೂರಿವೆ.

ಆಮೇಲೆ ಕೊಟ್ಟಿಗೆಯಲ್ಲಿ ಕಟ್ಟಿದ್ದ ನಮ್ಮ ಒಮ್ಮತವೂ ಮುರಿಯಿತು. ವರದಿಯ ಸಂಗತಿ ದೋಣಿಯವರ ಕಿವಿಗೆ ಬಿದ್ದು, ನಾನೂರು ಆಮೆ ಇರುವಾಗ ನಮ್ಮ ಬಲೆಗೆ ಯಾಕೆ ತಡೆ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನು? ಆಚೆಯವರು ದಿಬ್ಬವನ್ನೇ ಹೊತ್ತೊಯ್ಯುತ್ತಿರುವಾಗ ಈಚೆಯವರು ಯಾರ ಉದ್ಧಾರಕ್ಕೆ ಹಸಿದುಕೊಂಡಿರಬೇಕು? ಆರು ದೋಣಿಗಳು ಬಲೆ ಹಾಕಿದವು. ನಾನು ಓಡಿಹೋಗಿ ಊಹೂಂ ಮಾವನನ್ನು ಹಿಡಿದುಕೊಂಡೆ, ನೀನು ಹೇಳಿದರೆ ಕೇಳುತ್ತಾರೆ, ಒಂದು ಸಲ ಹೇಳು ಅಂತ ಬೇಡಿಕೊಂಡೆ. ಅವನು ಬಲೆ ಹೆಣೆಯುತ್ತಲೇ ಇದ್ದ, ತಲೆ ಎತ್ತಲಿಲ್ಲ.

"ನಾನು ನಲವತ್ಮೂರು ದಿನ ಮಲಗೆದ್ದು ಒಂದು ಸಂಖ್ಯೆ ಹೇಳಿದ್ದೆ. ಆ ಸಂಖ್ಯೆ ಮೇಲೆ ಇವರೆಲ್ಲ ಬಲೆ ಬಿಟ್ರು. ನೀನು ಊಟದ ಹೊತ್ತಾಯ್ತು ಅಂತ ಬೇರೆ ಸಂಖ್ಯೆ ಹೇಳಿ ಬಂದೆ. ಈಗ ನಾನು ಯಾವ ಮುಖ ಇಟ್ಕೊಂಡು ಮಾತಾಡ್ಲಿ ಮಗಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಾ ಅಂದನಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ.

ಈ ನಡುವೆ ನಿಮಗೆ ಬರೆದ ಪತ್ರಗಳ ಗತಿ ಕೇಳಿ. ಮೊದಲನೆಯದಕ್ಕೆ ನಿಮ್ಮ ಕಚೇರಿ, ನಿಮ್ಮ ಕಾಳಜಿಯನ್ನು ಮೆಚ್ಚುಗೆಯಿಂದ ಗಮನಿಸಲಾಗಿದೆ ಎಂದು ಉತ್ತರಿಸಿತು. ಎರಡನೆಯದಕ್ಕೂ ಅದೇ ಉತ್ತರ, ಮೆಚ್ಚುಗೆ ಮಾತ್ರ ಇರಲಿಲ್ಲ. ಮೂರನೆಯದರಲ್ಲಿ ನಾನು ಹಾಜರಿ ಪುಸ್ತಕದ ಹಾಳೆಗಳ ಪ್ರತಿ ಇಟ್ಟು, ಸಂಖ್ಯೆಯನ್ನು ತಿದ್ದಿ ಎಂದು ನೇರವಾಗಿ ಕೇಳಿದೆ. ಅದಕ್ಕೆ ಬಂದ ಉತ್ತರವನ್ನು ನಾನು ನಾಲ್ಕು ಸಲ ಓದಿದೆ. ಒಮ್ಮತದಿಂದ ಅಂಗೀಕರಿಸಿದ ಸಂಖ್ಯೆಯನ್ನು ಬದಲಿಸಬೇಕಾದರೆ ಅಂಗೀಕರಿಸಿದ ಎಲ್ಲರ ಒಮ್ಮತ ಬೇಕಂತೆ. ಅಲ್ಲಿಯವರೆಗೆ ಪ್ರತಿ ವರ್ಷವೂ ಹಳೆಯ ಸಂಖ್ಯೆಯೇ ಮುಂದುವರಿಯುತ್ತದಂತೆ. ಅಂದರೆ ನನ್ನ ಮುಖ್ಯಸ್ಥರು ಹೇಳಿದ 'ಮುಂದಿನ ಸಭೆ' ಬರುವುದು ಎದುರು ದಡದವರು ಹೂಂ ಅಂದ ದಿನ. ಅವರು ಯಾಕೆ ಅಂದಾರು? ನಮ್ಮ ಆಮೆಗಳಿಗೆ ಇನ್ನು ಸಾವಿಲ್ಲ, ಬಿಡಿ. ಕೊನೆಯದು ಸತ್ತ ಮೇಲೂ ನಿಮ್ಮ ಪುಸ್ತಕದಲ್ಲಿ ನಾನೂರು ಆಮೆಗಳು ವರ್ಷವರ್ಷವೂ ಮೊಟ್ಟೆಯಿಡುತ್ತಿರುತ್ತವೆ. ಸಂರಕ್ಷಣೆ ಎಂದರೆ ಇದೇ ಇರಬೇಕು, ನಮಗೇ ತಿಳಿಯಲಿಲ್ಲ.

ಹೋದ ತಿಂಗಳು ಆಮೆಗಳು ಬರುವ ಹೊತ್ತಾಯಿತು. ಒಬ್ಬಳೇ ದೋಣಿ ಬಿಚ್ಚುತ್ತಿದ್ದೆ. ಹಿಂದಿನಿಂದ ಚಿಕ್ಕಮ್ಮ ಬಂದು ಏನೂ ಹೇಳದೆ ದೋಣಿ ಹತ್ತಿ ಹುಟ್ಟು ಎತ್ತಿಕೊಂಡಳು. ಇಷ್ಟು ದಿನಕ್ಕೆ ಕ್ಷಮಿಸಿದಳು ಎಂದುಕೊಂಡೆ. ದಿಬ್ಬವಿದ್ದ ಜಾಗಕ್ಕೆ ಹೋದೆವು. ನೀರು ಆಳವಾಗಿ, ಕಂದಾಗಿ, ಸುಮ್ಮನೆ ಹರಿಯುತ್ತಿತ್ತು. ನಾಲ್ಕು ಆಮೆಗಳು ತಲೆ ಮೇಲೆತ್ತಿ ಅಲ್ಲೇ ಸುತ್ತುತ್ತಿದ್ದವು. ಒಂದು ಗಂಟೆ ಸುತ್ತಿದವು. ಅವುಗಳಲ್ಲಿ ಒಂದು ಎಷ್ಟು ದಣಿದಿತ್ತೆಂದರೆ ದೋಣಿಯ ಪಕ್ಕಕ್ಕೇ ಬಂದು, ಹಲಗೆಗೆ ಮುಂಗಾಲು ಆನಿಸಿ ಹತ್ತಲು ನೋಡಿತು, ಇದೇ ದಡವೇನೋ ಎಂದು. ಚಿಪ್ಪಿನ ಗೀಟು ಕಂಡಿತು. ಊಹೂಂ ಮಾವ ಕಂಡುಹಿಡಿದಿದ್ದ ಆ ಇಪ್ಪತ್ತಮೂರನೆಯದು. ನೆಲ ಸಿಗದ ಹೆಣ್ಣಾಮೆ ಕೊನೆಗೆ ಏನು ಮಾಡುತ್ತದೆಂದು ನಿಮ್ಮ ತಜ್ಞರನ್ನು ಕೇಳಿ, ಹೇಳುತ್ತಾರೆ. ನೀರಿನಲ್ಲೇ ಬಿಟ್ಟುಬಿಡುತ್ತದೆ. ಬಿಳಿಯ ಮೊಟ್ಟೆಗಳು ಒಂದರ ಹಿಂದೊಂದು ಕೆಳಗಿಳಿದು ಕಾಣದಾದವು. ನೀರಿಗೆ ಬಿದ್ದ ಮೊಟ್ಟೆ ಮರಿಯಾಗುವುದಿಲ್ಲ.

ಚಿಕ್ಕಮ್ಮ ಹುಟ್ಟು ನಿಲ್ಲಿಸಿ ನೋಡುತ್ತ ಕೂತಿದ್ದಳು. ಮೂರು ವರ್ಷದ ಮೇಲೆ ನನ್ನ ಕಡೆ ತಿರುಗಿ ಮಾತಾಡಿದಳು.

"ಹೇಳೇ ಅದಕ್ಕೆ."

"ಏನ್ ಹೇಳ್ಲಿ ಚಿಕ್ಕಮ್ಮ?"

"ಎಲ್ರೂ ಒಪ್ಕೊಂಡ್ರು ಅಂತ ನಂಗೆ ಹೇಳ್ದೆಯಲ್ಲ, ಅದನ್ನೇ ಹೇಳು. ಅಷ್ಟು ದೂರದಿಂದ ಬಂದಿದೆ, ಯಾಕೆ ಅಂತ ಗೊತ್ತಾಗ್ಲಿ."

ಅವಳು ವ್ಯಂಗ್ಯಕ್ಕೆ ಹೇಳಲಿಲ್ಲ ಅಧ್ಯಕ್ಷರೇ. ಕಣ್ಣಲ್ಲಿ ನೀರಿತ್ತು. ನಿಜಕ್ಕೂ ಯಾರಾದರೂ ಆ ಪ್ರಾಣಿಗೆ ಒಂದು ಮಾತು ಹೇಳಬೇಕು ಎಂದು ಅವಳಿಗೆ ಅನ್ನಿಸಿತ್ತು. ನನಗೆ ಬಾಯಿ ಬರಲಿಲ್ಲ. ನಿಮಗೆ ಬರುತ್ತದೆಯೇ? ಸುತ್ತಿಗೆ ಬಡಿದವರು ನೀವು, ಬಂದು ಹೇಳಬಲ್ಲಿರಾ?

ದಿಬ್ಬ ವಾಪಸ್ ಕೊಡಿ ಎಂದು ನಾನು ಕೇಳುತ್ತಿಲ್ಲ. ಅದು ಈಗ ಯಾವುದೋ ಕಟ್ಟಡದ ಗೋಡೆಯಲ್ಲಿದೆ. ಯಂತ್ರ ನಿಲ್ಲಿಸಿ ಎಂದೂ ಕೇಳುವುದಿಲ್ಲ, ತೆಗೆಯಲು ಮರಳು ಉಳಿದಿಲ್ಲವಾದ್ದರಿಂದ ಅದು ತಾನಾಗಿಯೇ ಹೋಗಿದೆ. ಸಂಖ್ಯೆಯನ್ನು ತಿದ್ದುವುದು ನಿಮ್ಮ ನಿಯಮಕ್ಕೆ ವಿರುದ್ಧ, ಅದೂ ಅರ್ಥವಾಯಿತು. ನಾನು ಕೇಳುವುದು ಇಷ್ಟೇ. ಮುಂದಿನ ತಿಂಗಳ ಸಭೆಯಲ್ಲಿ ನಮ್ಮ ನದಿಯ ಹೆಸರು ಬಂದಾಗ, ಅಂಗೀಕರಿಸುವ ಮೊದಲು, ನೀವು ಎದ್ದು ನಿಂತು 'ಈ ವರ್ಷ ಬಂದದ್ದು ನಾಲ್ಕು' ಎಂದು ಗಟ್ಟಿಯಾಗಿ ಓದಬೇಕು. ಬರೆದುಕೊಳ್ಳುವುದು ಬೇಡ, ಚರ್ಚಿಸುವುದು ಬೇಡ. ಒಂದು ಸಂಖ್ಯೆಯನ್ನು ಬಾಯಿಬಿಟ್ಟು ಓದಲು ಯಾರ ಒಮ್ಮತವೂ ಬೇಕಿಲ್ಲ, ನಾನು ನಿಮ್ಮ ನಿಯಮಾವಳಿ ಪೂರ್ತಿ ಓದಿ ನೋಡಿದ್ದೇನೆ. ಓದಿದ ಮೇಲೆ, ಆಕ್ಷೇಪಣೆ ಇದೆಯೇ ಎಂದು ಕೇಳಿ. ನನ್ನನ್ನು ಈ ಸಲ ಕರೆದಿಲ್ಲ. ಆದ್ದರಿಂದ ಇಲ್ಲಿಂದಲೇ, ಎಲ್ಲರೂ ಓದುವಂತೆ ಹೇಳುತ್ತಿದ್ದೇನೆ: ಇದೆ. ನನ್ನದಿದೆ. ಮೂರು ವರ್ಷ ತಡವಾಗಿದೆ, ಯಾವ ಆಮೆಯ ಉಪಯೋಗಕ್ಕೂ ಬಾರದು, ಆದರೂ ಇದೆ.

ಇಂತಿ,
ನಿಮ್ಮ ವರದಿಯ ಕೊನೆಯ ಪುಟದಲ್ಲಿ, ಒಪ್ಪಿದವರ ಪಟ್ಟಿಯ ಹದಿನೇಳನೆಯ ಹೆಸರಿನವಳು